ಜೀರಾ ಮತ್ತು ಪ್ರಾಜೆಕ್ಟ್ ನಡುವಿನ ಸಿಂಕ್: ಟಾಸ್ಕ್ ಶ್ರೇಣಿ ಎಲ್ಲಿ ಕೆಟ್ಟಿತು, ಹೇಗೆ ಸರಿಹೋಯಿತು

ಪರಿಸ್ಥಿತಿ

ಕೋಡ್ ಬರೆಯುವವರು ಜೀರಾ ಕ್ಲೌಡ್‌ನಲ್ಲಿ, ಅಂದರೆ ತಂಡದ ಕೆಲಸಗಳ ಲೆಕ್ಕ ಇಡುವ ಆನ್‌ಲೈನ್ ತಂತ್ರಾಂಶದಲ್ಲಿ, ಎಪಿಕ್ (ದೊಡ್ಡ ಕೆಲಸ), ಸ್ಟೋರಿ (ಅದರ ಭಾಗ), ಸಬ್‌ಟಾಸ್ಕ್ (ಸ್ಟೋರಿಯ ಚಿಕ್ಕ ತುಂಡು) ಎಂದು ಕೆಲಸ ಹಂಚಿಕೊಂಡಿದ್ದಾರೆ. ವೇಳಾಪಟ್ಟಿ ನೋಡಿಕೊಳ್ಳುವವರ ಬಳಿ, ದಿನಾಂಕಗಳ ಲೆಕ್ಕ ಹಾಕುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಡೆಸ್ಕ್‌ಟಾಪ್ ಫೈಲ್ ಇದೆ. ಅದರಲ್ಲಿ ಮೇಲೆ ಹಂತ, ಉಪಹಂತ, ವಿತರಣೆ ಎಂಬ ಮೂರು ಮಟ್ಟ, ಕೆಳಗೆ ಎಪಿಕ್, ಸ್ಟೋರಿ, ಸಬ್‌ಟಾಸ್ಕ್, ಒಟ್ಟು 6 ಮಟ್ಟ. ಎರಡರ ನಡುವೆ ದಿನಕ್ಕೊಮ್ಮೆ ಓಡುವ ಸ್ಕ್ರಿಪ್ಟ್ ಎರಡೂ ಕಡೆಯ ಬದಲಾವಣೆಗಳನ್ನು ಆಚೀಚೆ ಒಯ್ಯುತ್ತದೆ. ಹೆಸರು, ಅಂದಾಜು ಗಂಟೆ, ಆರಂಭ, ಮುಕ್ತಾಯ, ಪೇರೆಂಟ್ (ಯಾವ ಕೆಲಸದ ಕೆಳಗಿದೆ ಎಂಬುದು), ಅವಲಂಬನೆ, ಎಲ್ಲವೂ ಎರಡೂ ದಿಕ್ಕಿನಲ್ಲಿ. ಯಾವ ಕಡೆ ಕೊನೆಗೆ ಬದಲಾಯಿತೋ ಆ ಕಡೆಯದೇ ಗೆಲ್ಲುತ್ತದೆ.

ಕೆಲವು ಓಟಗಳಾದ ಮೇಲೆ ನಾಲ್ಕು ದೂರುಗಳು ಬರುತ್ತವೆ. ಎಪಿಕ್‌ಗಳ ಒಟ್ಟು ಗಂಟೆ ಇದ್ದದ್ದಕ್ಕಿಂತ ಹೆಚ್ಚು ತೋರುತ್ತಿದೆ, ಕೆಲವು ಕಡೆ ಸರಿಯಾಗಿ ಎರಡರಷ್ಟು. ಒಂದು ಸ್ಟೋರಿಯ ಸಬ್‌ಟಾಸ್ಕ್‌ಗಳು ಸಂಬಂಧವೇ ಇಲ್ಲದ ಇನ್ನೊಂದು ಸ್ಟೋರಿಯ ಕೆಳಗೆ ಕುಳಿತಿವೆ. ಮೊದಲು ಮುಗಿಯಬೇಕಾದ ಕೆಲಸಗಳು ಬೇಗ ಮುಗಿದರೂ ಮುಂದಿನವುಗಳ ದಿನಾಂಕ ಮುಂಚಿತವಾಗುತ್ತಿಲ್ಲ, ವೇಳಾಪಟ್ಟಿ ಹೆಪ್ಪುಗಟ್ಟಿದೆ. ಒಂದೇ ಇಶ್ಯೂ (ಜೀರಾದ ಒಂದು ಕೆಲಸದ ದಾಖಲೆ) ಫೈಲಿನಲ್ಲಿ ಎರಡು ಸಾಲಾಗಿ ಕಾಣುತ್ತಿದೆ.

ಓಟದ ದಾಖಲೆಯಾದ ಲಾಗ್‌ನಲ್ಲಿ ಒಂದೂ ದೋಷ ದಾಖಲಾಗಿಲ್ಲ. ಬರೆದದ್ದೆಲ್ಲ ಎರಡೂ ತಂತ್ರಾಂಶಗಳ ನಿಯಮದ ಪ್ರಕಾರ ಸರಿಯೇ ಇತ್ತು. ಪೇರೆಂಟ್ ಎಂದರೆ ಏನು ಎಂಬುದರಲ್ಲೇ ಎರಡಕ್ಕೂ ಭಿನ್ನಾಭಿಪ್ರಾಯ, ಅದನ್ನು ಸ್ಕ್ರಿಪ್ಟ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎರಡು ಶ್ರೇಣಿಗಳ ಸ್ವಭಾವ

ಜೀರಾದಲ್ಲಿ ಪೇರೆಂಟ್ ಎಂಬುದು ಮಗುವಿನ ಮೇಲಿರುವ ಒಂದು ಸೂಚಿ ಅಷ್ಟೆ. ಸ್ಟೋರಿ ತನ್ನ ಎಪಿಕ್ ಯಾವುದೆಂದು ಹೇಳುತ್ತದೆ, ಸಬ್‌ಟಾಸ್ಕ್ ತನ್ನ ಸ್ಟೋರಿ ಯಾವುದೆಂದು ಹೇಳುತ್ತದೆ. ಎಪಿಕ್‌ಗೆ ಕೊಟ್ಟ ಕೊನೆಯ ದಿನಾಂಕ ಸ್ಟೋರಿಗಳಿಂದ ಹುಟ್ಟಿದ್ದಲ್ಲ, ಯಾರೋ ಟೈಪ್ ಮಾಡಿದ್ದು. ಮಟ್ಟಗಳೂ ಬಿಗಿ: ಎಪಿಕ್, ಅದರ ಕೆಳಗೆ ಸ್ಟೋರಿ ಅಥವಾ ಟಾಸ್ಕ್ ಅಥವಾ ಬಗ್, ಅದರ ಕೆಳಗೆ ಸಬ್‌ಟಾಸ್ಕ್. ಎಪಿಕ್‌ನ ಮೇಲೆ ಇನ್ನಷ್ಟು ಮಟ್ಟ ಬೇಕಿದ್ದರೆ ಪ್ರೀಮಿಯಂ ಆವೃತ್ತಿ ಬೇಕು. ಸ್ಟೋರಿಯ ಕೆಳಗೆ ಬಗ್ ಹಾಕಲು ಬರುವುದಿಲ್ಲ, ಏಕೆಂದರೆ ಎರಡೂ ಒಂದೇ ಮಟ್ಟದವು.

ಪ್ರಾಜೆಕ್ಟ್‌ನಲ್ಲಿ ಪೇರೆಂಟ್ ಎಂದರೆ ಸಮ್ಮರಿ ಟಾಸ್ಕ್, ಅಂದರೆ ಲೆಕ್ಕ ಹಾಕಿ ಬಂದ ಸಾಲು. ಆಟೊ ಶೆಡ್ಯೂಲ್ ಸ್ಥಿತಿಯಲ್ಲಿ, ಅಂದರೆ ದಿನಾಂಕಗಳನ್ನು ಪ್ರಾಜೆಕ್ಟ್ ತಾನೇ ಲೆಕ್ಕ ಹಾಕುವಾಗ, ಅದರ ಆರಂಭ ಮಕ್ಕಳಲ್ಲಿ ಅತಿ ಮೊದಲಿನದು, ಮುಕ್ತಾಯ ಅತಿ ಕೊನೆಯದು, ಗಂಟೆಗಳು ಮಕ್ಕಳ ಮೊತ್ತ. ಇನ್ನೂ ಮುಖ್ಯವಾದ ಸಂಗತಿ, ಈ ಸಂಬಂಧ ಮಗುವಿನ ಮೇಲೆ ಸೂಚಿಯಾಗಿ ಬರೆದಿಟ್ಟಿರುವುದಿಲ್ಲ. ಪ್ರಾಜೆಕ್ಟ್‌ನ ಎಕ್ಸ್ಎಂಎಲ್ ಫೈಲ್ (ಅದೇ ವೇಳಾಪಟ್ಟಿಯ ಪಠ್ಯ ರೂಪ) ತೆರೆದು ನೋಡಿ: ಪ್ರತಿ ಟಾಸ್ಕ್‌ಗೆ ಔಟ್‌ಲೈನ್ ಲೆವೆಲ್ (ಮಟ್ಟದ ಸಂಖ್ಯೆ) ಇದೆ, ಪೇರೆಂಟ್‌ನ ಐಡಿ ಇಲ್ಲ. ಮೇಲಕ್ಕೆ ಹೋಗುತ್ತಾ ಮೊದಲು ಸಿಗುವ, ಒಂದು ಮಟ್ಟ ಕಡಿಮೆ ಇರುವ ಸಾಲೇ ಪೇರೆಂಟ್. ಸಾಲುಗಳ ಅನುಕ್ರಮ ಮತ್ತು ಮಟ್ಟ ಎರಡೂ ಸೇರಿಯೇ ಶ್ರೇಣಿ.

ಮಕ್ಕಳು ಬೇರೆಯವರ ಮನೆ ಸೇರಿದ್ದು

ಲಾಗಿನ್ ಎಂಬ ಸ್ಟೋರಿ 5ನೇ ಮಟ್ಟದಲ್ಲಿದೆ. ಅದರ ಕೆಳಗೆ 6ನೇ ಮಟ್ಟದಲ್ಲಿ ಎರಡು ಸಬ್‌ಟಾಸ್ಕ್. ಅದೇ ಎಪಿಕ್‌ನಲ್ಲಿ ಪಾಸ್‌ವರ್ಡ್ ಬದಲಾವಣೆ ಎಂಬ ಹೊಸ ಸ್ಟೋರಿ ಹುಟ್ಟಿದೆ, ಜೀರಾದ ಬ್ಯಾಕ್‌ಲಾಗ್‌ನಲ್ಲಿ (ಬಾಕಿ ಕೆಲಸಗಳ ಪಟ್ಟಿಯಲ್ಲಿ) ಅದು ಲಾಗಿನ್‌ನ ಕೆಳಗೇ ಇದೆ. ಸ್ಕ್ರಿಪ್ಟ್ ಲಾಗಿನ್‌ನ ಸಾಲು ಹುಡುಕಿತು, ಅದರ ಮುಂದಿನ ಸ್ಥಾನದಲ್ಲಿ 5ನೇ ಮಟ್ಟದ ಹೊಸ ಸಾಲು ಸೇರಿಸಿತು. ಫಲ ಹೀಗೆ:

ಲಾಗಿನ್, ಮಟ್ಟ 5
ಪಾಸ್‌ವರ್ಡ್ ಬದಲಾವಣೆ, ಮಟ್ಟ 5
ಲಾಗಿನ್ ಪರದೆ, ಮಟ್ಟ 6
ಸೆಷನ್ ಅವಧಿ, ಮಟ್ಟ 6

ಕೊನೆಯ ಎರಡು ಸಾಲುಗಳನ್ನು ಯಾರೂ ಮುಟ್ಟಲಿಲ್ಲ, ಆದರೂ ಅವುಗಳ ಪೇರೆಂಟ್ ಬದಲಾಯಿತು. ಸಮ್ಮರಿಯಾಗಿದ್ದ ಲಾಗಿನ್ ಸಾಮಾನ್ಯ ಟಾಸ್ಕ್ ಆಯಿತು, ಹೊಸ ಸ್ಟೋರಿ ಸಮ್ಮರಿ ಆಯಿತು. ಮುಂದಿನ ಓಟದಲ್ಲಿ ಸ್ಕ್ರಿಪ್ಟ್ ಇದನ್ನು ವೇಳಾಪಟ್ಟಿಯವರು ಮಾಡಿದ ಬದಲಾವಣೆ ಎಂದು ಓದಿ, ಅದೇ ತಪ್ಪನ್ನು ಜೀರಾಕ್ಕೂ ಬರೆಯಹೊರಟಿತು. ಎರಡು ದಿಕ್ಕಿನ ಸಿಂಕ್‌ನ ದೊಡ್ಡ ಅಪಾಯ ಇದು: ಒಂದು ಕಡೆಯ ಹಾನಿ ಇನ್ನೊಂದು ಕಡೆಗೆ ಉದ್ದೇಶದ ವೇಷದಲ್ಲಿ ಹೋಗುತ್ತದೆ.

ಪರಿಹಾರ ಸ್ಥಾನದ ಲೆಕ್ಕದಲ್ಲಿದೆ. ಒಂದು ಸಾಲಿನ ಒಡಹುಟ್ಟನ್ನು ಸೇರಿಸುವಾಗ, ಆ ಸಾಲಿನ ಸ್ಥಾನಕ್ಕೆ ಅದರ ಎಲ್ಲ ವಂಶಜರ ಸಂಖ್ಯೆ ಕೂಡಿಸಿ, ಆಮೇಲೆ 1 ಕೂಡಿಸಬೇಕು. ಮೇಲಿನ ಉದಾಹರಣೆಯಲ್ಲಿ ಲಾಗಿನ್ 40ನೇ ಸಾಲಾದರೆ ಹೊಸದು 41ಕ್ಕಲ್ಲ, 43ಕ್ಕೆ ಹೋಗಬೇಕು.

ಇದೇ ಬಲೆ ಇನ್ನೊಂದು ರೂಪದಲ್ಲೂ ಇದೆ. ಜೀರಾದಲ್ಲಿ ಸಬ್‌ಟಾಸ್ಕ್ ಒಂದನ್ನು ಸ್ಟೋರಿಯಾಗಿ ಪರಿವರ್ತಿಸುತ್ತಾರೆ. ಪ್ರಾಜೆಕ್ಟ್‌ನಲ್ಲಿ ಅದಕ್ಕೆ ಸಮನಾದ ಕ್ರಿಯೆ ಔಟ್‌ಡೆಂಟ್ ಎಂದುಕೊಂಡು ಮಟ್ಟ 6ರಿಂದ 5ಕ್ಕೆ ತಂದರೆ, ಅದರ ಕೆಳಗಿದ್ದ 6ನೇ ಮಟ್ಟದ ತಮ್ಮಂದಿರೆಲ್ಲ ಅದರ ಮಕ್ಕಳಾಗಿಬಿಡುತ್ತಾರೆ. ಮೊದಲು ಆ ಸಾಲನ್ನು ತನ್ನ ಹಳೆಯ ಗುಂಪಿನ ಕೊನೆಗೆ ಒಯ್ದು, ಆಮೇಲೆ ಔಟ್‌ಡೆಂಟ್ ಮಾಡಬೇಕು. ಈ ಎರಡು ಕಡೆ ಎಚ್ಚರವಹಿಸಿದರೆ ಸ್ಥಾನಕ್ಕೆ ಸಂಬಂಧಿಸಿದ ಹಾನಿ ಬಹುಪಾಲು ನಿಲ್ಲುತ್ತದೆ.

ಗಂಟೆಗಳು ಎರಡು ಪಟ್ಟಾದದ್ದು

ಒಂದು ಸ್ಟೋರಿಗೆ 24 ಗಂಟೆಯ ಅಂದಾಜು ಇತ್ತು, ಒಬ್ಬರಿಗೆ ಹಂಚಿಯೂ ಆಗಿತ್ತು. ನಂತರ ಅದನ್ನು 8, 10, 6 ಗಂಟೆಯ ಮೂರು ಸಬ್‌ಟಾಸ್ಕ್‌ಗಳಾಗಿ ಒಡೆದರು. ಜೀರಾ ಸ್ಟೋರಿಯ ಸ್ವಂತ ಅಂದಾಜನ್ನು ಅಳಿಸುವುದಿಲ್ಲ. ಸಬ್‌ಟಾಸ್ಕ್‌ಗಳನ್ನೂ ಸೇರಿಸಿ ತೋರಿಸುವ ಮೊತ್ತದಲ್ಲಿ 48 ಬರುತ್ತದೆ. ಪ್ರಾಜೆಕ್ಟ್‌ನಲ್ಲಿಯೂ ಅಷ್ಟೇ. ಸಾಮಾನ್ಯ ಟಾಸ್ಕ್‌ಗೆ ಮಕ್ಕಳು ಹುಟ್ಟಿ ಅದು ಸಮ್ಮರಿಯಾದಾಗ, ಅದರ ಮೇಲಿದ್ದ ರಿಸೋರ್ಸ್ ಅಸೈನ್‌ಮೆಂಟ್ (ಯಾರಿಗೆ ಎಷ್ಟು ಕೆಲಸ ಹಂಚಿದೆ ಎಂಬುದು) ಹಾಗೆಯೇ ಉಳಿಯುತ್ತದೆ. ಸಮ್ಮರಿಯ ಕೆಲಸ ಎಂದರೆ ಮಕ್ಕಳ 24 ಮತ್ತು ತನ್ನದೇ 24.

ಅದಕ್ಕೆ ನಿಯಮ: ಸಬ್‌ಟಾಸ್ಕ್ ಇರುವ ಸ್ಟೋರಿಯ ಅಂದಾಜು ಪ್ರಾಜೆಕ್ಟ್‌ಗೆ ಹೋಗುವುದಿಲ್ಲ, ಸಾಲು ಸಮ್ಮರಿಯಾದ ಕೂಡಲೇ ಅದರ ಅಸೈನ್‌ಮೆಂಟ್ ತೆಗೆಯಬೇಕು. ಆದರೆ ಇಷ್ಟೇ ಮಾಡಿದರೆ ಬೇರೆ ನಷ್ಟ. 24 ಗಂಟೆಯ ಸ್ಟೋರಿಯಲ್ಲಿ ಸದ್ಯಕ್ಕೆ 14 ಗಂಟೆಯಷ್ಟು ಮಾತ್ರ ಸಬ್‌ಟಾಸ್ಕ್ ಆಗಿ ಒಡೆದಿದ್ದರೆ, ಮಿಕ್ಕ 10 ಗಂಟೆ ವೇಳಾಪಟ್ಟಿಯಿಂದ ಮಾಯವಾಗುತ್ತದೆ, ವಿತರಣೆಯ ದಿನಾಂಕ ಸುಳ್ಳು ಹೇಳುತ್ತದೆ. ಆ ಸ್ಟೋರಿಯ ಕೆಳಗೆ ಪ್ರಾಜೆಕ್ಟ್‌ನಲ್ಲಿ ಮಾತ್ರ ಇರುವ ಒಂದು ಉಳಿಕೆ ಸಾಲು ಹಾಕಿ, 10 ಗಂಟೆಯನ್ನು ಅದರ ಮೇಲಿಡಬೇಕು. ಅದಕ್ಕೆ ಒಂದು ಫ್ಲ್ಯಾಗ್ ಫೀಲ್ಡ್ ಗುರುತು ಹಾಕಿದರೆ ಸ್ಕ್ರಿಪ್ಟ್ ಅದನ್ನು ಜೀರಾಕ್ಕೆ ಒಯ್ಯುವುದಿಲ್ಲ. ಪ್ರತಿ ಓಟದಲ್ಲಿ ಸ್ಟೋರಿಯ ಅಂದಾಜಿನಿಂದ ಸಬ್‌ಟಾಸ್ಕ್‌ಗಳ ಮೊತ್ತ ಕಳೆದು ಈ ಸಾಲನ್ನು ಪುನಃ ಬರೆಯುವುದು. ಫಲ ಸೊನ್ನೆ ಅಥವಾ ಋಣಾತ್ಮಕವಾದರೆ ಸಾಲನ್ನೇ ತೆಗೆಯುವುದು. ಈ ಒಂದು ಸಾಲಿನಿಂದ ಎರಡು ತಂಡಗಳ ನಡುವಿನ ಅಂದಾಜಿನ ಜಗಳ ಎಷ್ಟೋ ಕಡಿಮೆಯಾಗುತ್ತದೆ.

ಘಟಕಗಳಲ್ಲೂ ಎಡವುವುದುಂಟು. ಜೀರಾ ಎಪಿಐ (ಸ್ಕ್ರಿಪ್ಟ್ ಮಾಹಿತಿ ಕೇಳುವ ದಾರಿ) ಸಮಯವನ್ನು ಸೆಕೆಂಡ್‌ನಲ್ಲಿ ಕೊಡುತ್ತದೆ, ಪ್ರಾಜೆಕ್ಟ್‌ನ ಮ್ಯಾಕ್ರೋ (ಅದರೊಳಗೇ ಓಡುವ ಸ್ಕ್ರಿಪ್ಟ್) ನಿಮಿಷದಲ್ಲಿ ಕೇಳುತ್ತದೆ. 24 ಗಂಟೆ ಎಂದರೆ ಅಲ್ಲಿ 86,400, ಇಲ್ಲಿ 1,440. ದಿನಕ್ಕೆ ಎಷ್ಟು ಗಂಟೆ ಎಂಬ ಸೆಟ್ಟಿಂಗ್ ಎರಡರಲ್ಲೂ ಪ್ರತ್ಯೇಕವಾಗಿದೆ; ಮೂಲ ಮೌಲ್ಯ ಎರಡರಲ್ಲೂ 8, ಆದರೆ ಯಾರಾದರೂ ಬದಲಿಸಿದ್ದರೆ 3 ದಿನ ಎಂಬ ಬರಹಕ್ಕೆ ಎರಡು ಅರ್ಥ. ದಿನಗಳ ಬರಹವನ್ನು ಒಯ್ಯದೆ ಸೆಕೆಂಡ್‌ಗಳನ್ನೇ ಪರಿವರ್ತಿಸಬೇಕು. ಅಂದಾಜೇ ಇಲ್ಲದ ಸ್ಟೋರಿಗೆ ಸೊನ್ನೆ ಬರೆಯಬಾರದು, ಅವಧಿ ಸೊನ್ನೆಯಾದ ಟಾಸ್ಕ್ ಪ್ರಾಜೆಕ್ಟ್‌ನಲ್ಲಿ ಮೈಲ್‌ಸ್ಟೋನ್ (ಕೆಲಸವಲ್ಲ, ಬರೀ ಘಟ್ಟದ ಗುರುತು) ಆಗುತ್ತದೆ. ಹಾಗೆಯೇ ಬಿಟ್ಟರೆ ಪ್ರಶ್ನಾರ್ಥಕ ಚಿಹ್ನೆಯ ಜೊತೆ 1 ದಿನ ಎಂದು ತೋರುತ್ತದೆ, ಅಂದಾಜು ಬಾಕಿ ಇದೆ ಎಂದು ನೋಡಿದವರಿಗೆ ತಿಳಿಯುತ್ತದೆ.

ಪ್ರಗತಿಯನ್ನು ಶೇಕಡಾವಾರು ಒಯ್ಯುವುದು ಬೇಡ. ಜೀರಾದಲ್ಲಿ ದಾಖಲಾದ ಸಮಯ 6 ಗಂಟೆ, ಬಾಕಿ 4 ಗಂಟೆ ಇದ್ದರೆ, ಪ್ರಾಜೆಕ್ಟ್‌ನಲ್ಲಿ ಆಕ್ಚುವಲ್ ವರ್ಕ್ 6, ರಿಮೈನಿಂಗ್ ವರ್ಕ್ 4 ಎಂದು ಬರೆದರೆ ಸಾಕು; ಒಟ್ಟು 10 ಎಂಬುದನ್ನು, ಶೇಕಡಾವಾರನ್ನೂ ಅದೇ ಲೆಕ್ಕ ಹಾಕುತ್ತದೆ. ಬರೆಯುವ ಕ್ರಮ ಮಾತ್ರ ಮುಖ್ಯ. ಮೊದಲು ನಿಜವಾಗಿ ಕೆಲಸ ಆರಂಭವಾದ ದಿನ ಬರೆಯಬೇಕು. ಗಂಟೆಗಳನ್ನು ಮೊದಲು ಬರೆದರೆ, ಯೋಜನೆಯಲ್ಲಿದ್ದ ಆರಂಭದ ದಿನವನ್ನೇ ಪ್ರಾಜೆಕ್ಟ್ ನಿಜವಾದ ಆರಂಭ ಎಂದು ತೆಗೆದುಕೊಳ್ಳುತ್ತದೆ. ಜೀರಾದಲ್ಲಿ ಮುಗಿದಿದೆ ಎಂದು ಗುರುತಾದ, ಆದರೆ ಬಾಕಿ ಸಮಯ ಸೊನ್ನೆ ಆಗದ ಇಶ್ಯೂಗಳು ಎಲ್ಲ ತಂಡಗಳಲ್ಲೂ ಇರುತ್ತವೆ. ಅವುಗಳಿಗೆ ರಿಮೈನಿಂಗ್ ವರ್ಕ್ ಸೊನ್ನೆ ಎಂದೇ ಬರೆಯಬೇಕು.

ವೇಳಾಪಟ್ಟಿ ಹೆಪ್ಪುಗಟ್ಟಿದ್ದು

ಈ ದೂರಿನ ಕಾರಣ ಹುಡುಕಲು ಪ್ರಾಜೆಕ್ಟ್‌ನಲ್ಲಿ ಕನ್‌ಸ್ಟ್ರೇಂಟ್ ಟೈಪ್ (ದಿನಾಂಕದ ನಿರ್ಬಂಧದ ಬಗೆ) ಕಾಲಂ ತೆರೆದರೆ ಸಾಕು. ಆಟೊ ಶೆಡ್ಯೂಲ್ ಟಾಸ್ಕ್‌ನ ಆರಂಭದ ಫೀಲ್ಡ್‌ಗೆ ದಿನಾಂಕ ಬರೆದರೆ, ಪ್ರಾಜೆಕ್ಟ್ ಅದನ್ನು ಈ ದಿನಕ್ಕಿಂತ ಮೊದಲು ಆರಂಭಿಸಬೇಡ ಎಂಬ ನಿರ್ಬಂಧವಾಗಿ ಮಾಡಿಕೊಳ್ಳುತ್ತದೆ. ಮುಕ್ತಾಯಕ್ಕೆ ಬರೆದರೆ ಈ ದಿನಕ್ಕಿಂತ ಮೊದಲು ಮುಗಿಸಬೇಡ ಎಂದಾಗುತ್ತದೆ. ಎಕ್ಸ್ಎಂಎಲ್‌ನಲ್ಲಿ ಇವು ಕ್ರಮವಾಗಿ 4 ಮತ್ತು 6; ಸಾಧ್ಯವಾದಷ್ಟು ಬೇಗ ಎಂಬುದು 0. ಸ್ಕ್ರಿಪ್ಟ್ ದಿನವೂ ಜೀರಾದ ದಿನಾಂಕಗಳನ್ನು ಬರೆಯುತ್ತಾ ಬಂದದ್ದರಿಂದ 0 ಇರಬೇಕಾದ ಕಡೆಯೆಲ್ಲ 4 ಮತ್ತು 6 ತುಂಬಿದ್ದವು. ಹಿಂದಿನ ಕೆಲಸ ಬೇಗ ಮುಗಿದರೂ ಮುಂದಿನದು ಜಗ್ಗುವುದಿಲ್ಲ.

ದಿನಾಂಕಗಳು ಒಂದೇ ದಿಕ್ಕಿನಲ್ಲಿ ಹೋಗಬೇಕು: ಪ್ರಾಜೆಕ್ಟ್ ಲೆಕ್ಕ ಹಾಕಿದ ಆರಂಭ, ಮುಕ್ತಾಯ ಜೀರಾದ ಸ್ಟಾರ್ಟ್ ಡೇಟ್, ಡ್ಯೂ ಡೇಟ್‌ಗೆ. ಹಾಗಾದರೆ ಜೀರಾದಲ್ಲಿ ಒಬ್ಬರು ಎಪಿಕ್‌ಗೆ ಹಾಕಿದ ಗಡುವಿಗೆ ಬೆಲೆ ಇಲ್ಲವೇ? ಇದೆ, ಅದರ ಜಾಗ ಪ್ರಾಜೆಕ್ಟ್‌ನ ಡೆಡ್‌ಲೈನ್ ಫೀಲ್ಡ್. ಅದು ಟಾಸ್ಕ್ ಅನ್ನು ಎಳೆದಾಡುವುದಿಲ್ಲ, ಮುಕ್ತಾಯ ಅದನ್ನು ದಾಟಿದರೆ ಕೆಂಪು ಗುರುತು ತೋರಿಸುತ್ತದೆ, ಸಮ್ಮರಿ ಸಾಲಿನ ಮೇಲೂ ಇಡಬಹುದು. ಗಡುವಿಗಾಗಿ ಜೀರಾದಲ್ಲಿ ಪ್ರತ್ಯೇಕ ಕಸ್ಟಮ್ ಫೀಲ್ಡ್ ಮಾಡಿ, ಡ್ಯೂ ಡೇಟ್ ಅನ್ನು ಪ್ರಾಜೆಕ್ಟ್‌ನಿಂದ ಬರುವ ಲೆಕ್ಕಕ್ಕೆ ಬಿಟ್ಟುಕೊಡುವುದು ಒಳ್ಳೆಯದು. ಒಂದೇ ಫೀಲ್ಡ್‌ನಲ್ಲಿ ಆಸೆ ಮತ್ತು ಮುನ್ನಂದಾಜು ಎರಡನ್ನೂ ಇಟ್ಟರೆ ಯಾವುದು ಯಾವುದೆಂದು ಯಾರಿಗೂ ಹೇಳಲಾಗದು.

ಡ್ಯೂ ಡೇಟ್‌ನಲ್ಲಿ ಗಂಟೆ ಇಲ್ಲ, ಬರೀ ದಿನಾಂಕ. ಪ್ರಾಜೆಕ್ಟ್‌ನಲ್ಲಿ ಗಂಟೆ ಇದೆ, ಮೂಲ ಕ್ಯಾಲೆಂಡರ್‌ನಲ್ಲಿ ಕೆಲಸದ ದಿನ ಬೆಳಿಗ್ಗೆ 8ರಿಂದ 12, ಮಧ್ಯಾಹ್ನ 1ರಿಂದ 5. ಜೀರಾದಿಂದ ಬಂದ ಗಡುವನ್ನು ರಾತ್ರಿ 12 ಗಂಟೆ ಎಂದು ಬರೆದರೆ ಆ ದಿನದ ಕೆಲಸ ಆರಂಭವಾಗುವ ಮೊದಲೇ ಗಡುವು ತೀರುತ್ತದೆ, ಇಡೀ ಒಂದು ದಿನ ಕಳೆದುಹೋಗುತ್ತದೆ. ಸಂಜೆ 5 ಎಂದು ಬರೆಯಬೇಕು. ಬರೀ ದಿನಾಂಕದ ಫೀಲ್ಡ್‌ಗಳನ್ನು ಟೈಮ್ ಝೋನ್ ಪರಿವರ್ತನೆಗೆ ಒಡ್ಡಲೇಬಾರದು.

ಒಂದೇ ಇಶ್ಯೂ, ಎರಡು ಸಾಲು

ಸ್ಕ್ರಿಪ್ಟ್ ಇಶ್ಯೂ ಕೀಯನ್ನು (ಜೀರಾ ಪ್ರಾಜೆಕ್ಟ್‌ನ ಸಂಕ್ಷೇಪ ಮತ್ತು ಒಂದು ಸಂಖ್ಯೆ) ಗುರುತಾಗಿ ಬಳಸಿತ್ತು. ಇಶ್ಯೂವನ್ನು ಒಂದು ಜೀರಾ ಪ್ರಾಜೆಕ್ಟ್‌ನಿಂದ ಇನ್ನೊಂದಕ್ಕೆ ಸರಿಸಿದರೆ ಕೀ ಬದಲಾಗುತ್ತದೆ, ಒಳಗಿನ ಅಂಕಿ ಐಡಿ ಬದಲಾಗುವುದಿಲ್ಲ. ಹೊಸ ಕೀ ಕಂಡ ಸ್ಕ್ರಿಪ್ಟ್ ಅದನ್ನು ಹೊಸ ಇಶ್ಯೂ ಎಂದುಕೊಂಡು ಇನ್ನೊಂದು ಸಾಲು ಹಾಕಿತು. ಪ್ರಾಜೆಕ್ಟ್ ಕಡೆ ಐಡಿ ಎಂಬ ಕಾಲಂ ಬರೀ ಸಾಲಿನ ಸಂಖ್ಯೆ, ಮೇಲೆ ಒಂದು ಸಾಲು ಸೇರಿಸಿದರೆ ಎಲ್ಲವೂ ಬದಲಾಗುತ್ತವೆ. ಬಳಸಬೇಕಾದದ್ದು ಯೂನಿಕ್ ಐಡಿ. ಹಾಗಾಗಿ ಟೆಕ್ಸ್ಟ್30 ಫೀಲ್ಡ್‌ನಲ್ಲಿ ಜೀರಾದ ಅಂಕಿ ಐಡಿ, ಟೆಕ್ಸ್ಟ್29ರಲ್ಲಿ ಜನ ಓದಲು ಕೀ. ಜೀರಾ ಕಡೆ ಇಶ್ಯೂವಿನ ಪ್ರಾಪರ್ಟಿಯಲ್ಲಿ ಪ್ರಾಜೆಕ್ಟ್‌ನ ಯೂನಿಕ್ ಐಡಿ.

ಎರಡೂ ಕಡೆ ಗುರುತು ಇಡುವುದು ಅತಿಯಾಯಿತು ಅನಿಸಬಹುದು. ಪ್ರಾಜೆಕ್ಟ್‌ನಲ್ಲಿ ಸಾಲನ್ನು ಕಾಪಿ ಮಾಡಿ ಅಂಟಿಸಿದರೆ ಟೆಕ್ಸ್ಟ್30 ಕೂಡ ಕಾಪಿಯಾಗುತ್ತದೆ, ಒಂದೇ ಜೀರಾ ಐಡಿ ಎರಡು ಸಾಲಿಗೆ ಬರುತ್ತದೆ. ಆಗ ಜೀರಾ ಕಡೆಯ ಗುರುತು ಯಾವ ಯೂನಿಕ್ ಐಡಿಯನ್ನು ಹೇಳುತ್ತದೋ ಅದೇ ಮೂಲ. ಇನ್ನೊಂದರ ಟೆಕ್ಸ್ಟ್30 ಖಾಲಿ ಮಾಡಿ ವರದಿಯಲ್ಲಿ ಬರೆಯಬೇಕು.

ಒಡೆತನದ ಗೆರೆ

ಬಿಡಿ ದೋಷಗಳ ಹಿಂದಿನ ನಿರ್ಧಾರ ಒಂದೇ: ಯಾವುದು ಯಾರದು. ಈ ಪ್ರಕರಣದಲ್ಲಿ ಗೆರೆ ಬಿದ್ದದ್ದು ಎಪಿಕ್ ಸಾಲಿನ ಮೇಲೆ. ಎಪಿಕ್‌ಗಿಂತ ಮೇಲಿನ ಶ್ರೇಣಿ ಪೂರ್ತಿ ಪ್ರಾಜೆಕ್ಟ್‌ನದು. ಎಪಿಕ್ ಸಾಲನ್ನು ಯಾವ ವಿತರಣೆಯ ಕೆಳಗಾದರೂ ಸರಿಸಬಹುದು, ಜೀರಾಕ್ಕೆ ಅದು ತಿಳಿಯುವ ಅಗತ್ಯವಿಲ್ಲ. ಎಪಿಕ್‌ನಿಂದ ಕೆಳಗೆ ಯಾರು ಯಾರ ಮಗು ಎಂಬುದು ಜೀರಾದ್ದು. ಗಂಟೆಗಳು ಜೀರಾದ್ದು, ದಿನಾಂಕ ಮತ್ತು ಅವಲಂಬನೆ ಪ್ರಾಜೆಕ್ಟ್‌ನದು.

ಆದರೂ ವೇಳಾಪಟ್ಟಿಯವರು ಎಪಿಕ್ ಮತ್ತು ಸ್ಟೋರಿಗಳ ನಡುವೆ ತಮ್ಮ ಅನುಕೂಲಕ್ಕೆ ಗುಂಪು ಸಾಲುಗಳನ್ನು ಹಾಕುತ್ತಾರೆ: ಮೊದಲ ಬಿಡುಗಡೆ, ಎರಡನೇ ಬಿಡುಗಡೆ ಎಂದು. ಇದನ್ನು ತಡೆಯಬಾರದು. ಸ್ಕ್ರಿಪ್ಟ್ ನೇರ ಪೇರೆಂಟ್ ಅನ್ನು ಹೋಲಿಸದೆ, ಜೀರಾ ಐಡಿ ಇರುವ ಅತಿ ಹತ್ತಿರದ ಪೂರ್ವಜ ಸಿಗುವವರೆಗೆ ಮೇಲೆ ಹತ್ತಬೇಕು. ಅದು ಜೀರಾದ ಪೇರೆಂಟ್ ಆಗಿದ್ದರೆ ಸಾಲನ್ನು ಮುಟ್ಟಬಾರದು. ನೇರ ಪೇರೆಂಟ್ ಹೋಲಿಸಿದರೆ ಪ್ರತಿ ಓಟದಲ್ಲೂ ಗುಂಪು ಸಾಲುಗಳು ಬರಿದಾಗಿ, ಸ್ಟೋರಿಗಳೆಲ್ಲ ಎಪಿಕ್‌ನ ನೇರ ಕೆಳಗೆ ಬಂದು ಬೀಳುತ್ತವೆ.

ಪೇರೆಂಟ್ ಓದುವಾಗ ಕ್ಲೌಡ್‌ನಲ್ಲಿ ಸ್ಟೋರಿಗೂ ಸಬ್‌ಟಾಸ್ಕ್‌ಗೂ ಪೇರೆಂಟ್ ಎಂಬ ಒಂದೇ ಫೀಲ್ಡ್ ಸಾಕು. ಡೇಟಾ ಸೆಂಟರ್ ಆವೃತ್ತಿಯಲ್ಲಿ (ಸಂಸ್ಥೆ ತಾನೇ ನಡೆಸುವ ಜೀರಾದಲ್ಲಿ) ಸ್ಟೋರಿಯ ಎಪಿಕ್ ಬೇರೆಯೇ ಕಸ್ಟಮ್ ಫೀಲ್ಡ್‌ನಲ್ಲಿರುತ್ತದೆ, ಅದರ ಸಂಖ್ಯೆ ಒಂದೊಂದು ಕಡೆ ಒಂದೊಂದು. ಅದನ್ನು ಕೋಡ್‌ನಲ್ಲಿ ಗಟ್ಟಿಯಾಗಿ ಬರೆದಿಡದೆ ಹೆಸರಿನಿಂದ ಹುಡುಕಬೇಕು.

ಅವಲಂಬನೆಗಳ ವಿಷಯದಲ್ಲಿ ಜೀರಾ ಬಡವ. ಇದು ಅದನ್ನು ತಡೆಯುತ್ತದೆ ಎಂದಷ್ಟೇ ಅಲ್ಲಿ ಹೇಳಬಹುದು. ಪ್ರಾಜೆಕ್ಟ್‌ನಲ್ಲಿ ನಾಲ್ಕು ಬಗೆಯ ಕೊಂಡಿ ಇವೆ, ಲ್ಯಾಗ್ (ಎರಡು ಕೆಲಸಗಳ ನಡುವೆ ಕಾಯುವ ಅವಧಿ) ಇದೆ. ಜೀರಾದಿಂದ ಹೊಸ ಕೊಂಡಿ ಬಂದರೆ, ಆ ಎರಡು ಟಾಸ್ಕ್‌ಗಳ ನಡುವೆ ಯಾವ ಬಗೆಯ ಕೊಂಡಿಯೂ ಇಲ್ಲದಿದ್ದಾಗ ಮಾತ್ರ, ಒಂದು ಮುಗಿದ ಮೇಲೆ ಇನ್ನೊಂದು ಎಂದು ಸೇರಿಸಬೇಕು. ಇಲ್ಲವಾದರೆ ಯೋಚಿಸಿ ಹಾಕಿದ 2 ದಿನದ ಲ್ಯಾಗ್ ಅಳಿಸಿಹೋಗುತ್ತದೆ. ಎಕ್ಸ್ಎಂಎಲ್‌ನಲ್ಲಿ ಲ್ಯಾಗ್ ನಿಮಿಷದ ಹತ್ತನೇ ಒಂದು ಭಾಗದ ಲೆಕ್ಕದಲ್ಲಿದೆ: 8 ಗಂಟೆಯ 2 ದಿನಕ್ಕೆ 9,600. ನಿಮಿಷ ಎಂದುಕೊಂಡು 960 ಬರೆದರೆ 1 ಗಂಟೆ 36 ನಿಮಿಷದ ಲ್ಯಾಗ್ ಆಗುತ್ತದೆ. ಎಪಿಕ್‌ನಿಂದ ಎಪಿಕ್‌ಗೆ ಇರುವ ಕೊಂಡಿಗಳನ್ನು ಒಯ್ಯುವುದೇ ಬೇಡ. ಸಮ್ಮರಿಗೆ ಬಿದ್ದ ಕೊಂಡಿ ಅದರ ಎಲ್ಲ ಮಕ್ಕಳನ್ನೂ ತಡೆಹಿಡಿಯುತ್ತದೆ, ಒಳಗಿನ ಒಂದು ಟಾಸ್ಕ್ ಎದುರು ದಿಕ್ಕಿನಲ್ಲಿ ಅವಲಂಬಿಸಿದ್ದರೆ ಚಕ್ರವಾಗುತ್ತದೆ.

ಓಟದ ಕ್ರಮ

ಮೊದಲು ಫೈಲಿನ ಪ್ರತಿ ಉಳಿಸಿ. ಜೀರಾದಿಂದ ಹಿಂದಿನ ಓಟದ ನಂತರ ಬದಲಾದದ್ದನ್ನು ತನ್ನಿ. ಜೀರಾದ ಹುಡುಕಾಟದ ಭಾಷೆಯಾದ ಜೆಕ್ಯೂಎಲ್‌ನಲ್ಲಿ ಬದಲಾದ ಸಮಯದ ಹೋಲಿಕೆ ನಿಮಿಷದ ಮಟ್ಟದ್ದು, ಆದ್ದರಿಂದ ಕೆಲವು ನಿಮಿಷ ಹಿಂದಿನಿಂದಲೇ ಕೇಳುವುದು ಕ್ಷೇಮ, ಒಂದೇ ಬದಲಾವಣೆ ಎರಡು ಸಲ ಬಂದರೂ ಫಲ ಒಂದೇ ಇರುವಂತೆ ಬರೆಯಿರಿ. ಬದಲಾದ ಸಬ್‌ಟಾಸ್ಕ್ ಬಂದು, ಬದಲಾಗದ ಅದರ ಸ್ಟೋರಿ ಬರದೇ ಇರಬಹುದು; ಅದನ್ನು ಬೇರೆಯಾಗಿ ತರಿಸಿ. ಪ್ರಾಜೆಕ್ಟ್‌ನಲ್ಲಿ ಲೆಕ್ಕಾಚಾರವನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ, ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಸೃಷ್ಟಿಸಿ, ಸ್ಥಾನ ಸರಿಪಡಿಸಿ, ಆಮೇಲೆ ಗಂಟೆ ಬರೆಯಿರಿ, ಕೊಂಡಿಗಳು ಕೊನೆಗೆ. ಒಮ್ಮೆ ಮಾತ್ರ ಲೆಕ್ಕ ಹಾಕಿಸಿ, ಬಂದ ದಿನಾಂಕಗಳನ್ನು ಜೀರಾಕ್ಕೆ ಕಳುಹಿಸಿ. ಜೀರಾ 429 (ಕೋರಿಕೆಗಳು ಅತಿಯಾದವು) ಎಂದು ಉತ್ತರಿಸಿದರೆ, ಎಷ್ಟು ಹೊತ್ತು ಕಾಯಬೇಕೆಂದು ಅದೇ ಹೇಳಿದ ಅವಧಿ ಕಾದು ಮತ್ತೆ ಪ್ರಯತ್ನಿಸಿ.

ಪ್ರತಿ ಫೀಲ್ಡ್‌ಗೂ ಹಿಂದಿನ ಓಟದಲ್ಲಿ ಒಪ್ಪಿದ ಮೌಲ್ಯವನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಎರಡು ಕಡೆಯ ಈಗಿನ ಮೌಲ್ಯಗಳ ಜೊತೆ ಈ ಮೂರನೆಯದನ್ನೂ ಹೋಲಿಸಿದರೆ ಮಾತ್ರ ನಿಜವಾಗಿ ಯಾವ ಕಡೆ ಬದಲಾಯಿತು ಎಂದು ತಿಳಿಯುತ್ತದೆ. ಇಲ್ಲದಿದ್ದರೆ ಸ್ಕ್ರಿಪ್ಟ್ ತಾನೇ ಬರೆದದ್ದನ್ನು ಹೊಸ ಬದಲಾವಣೆ ಎಂದು ಓದಿ ಸುತ್ತುತ್ತಲೇ ಇರುತ್ತದೆ.

ಇಶ್ಯೂ ಜೀರಾದ ಉತ್ತರದಲ್ಲಿ ಕಾಣಲಿಲ್ಲ ಎಂದು ಪ್ರಾಜೆಕ್ಟ್‌ನ ಸಾಲನ್ನು ಅಳಿಸಬೇಡಿ. ಅನುಮತಿ ಬದಲಾಗಿರಬಹುದು, ಫಿಲ್ಟರ್ ಬದಲಾಗಿರಬಹುದು. ಗಂಟೆ ದಾಖಲಾಗದ ಸಾಲನ್ನು ಪ್ರೊಫೆಷನಲ್ ಆವೃತ್ತಿಯಲ್ಲಿ ಇನ್‌ಆಕ್ಟಿವ್ ಮಾಡಬಹುದು, ಗಂಟೆ ದಾಖಲಾಗಿದ್ದರೆ ಬಾಕಿ ಕೆಲಸವನ್ನು ಸೊನ್ನೆ ಮಾಡಿ ಸಾಲನ್ನು ಉಳಿಸಬೇಕು.

ಲೆಕ್ಕಾಚಾರ ಮುಗಿದ ಮೇಲೆ ಮೂರು ಪರೀಕ್ಷೆ. ಜೀರಾ ಐಡಿ ಇರುವ ಪ್ರತಿ ಸಾಲಿಗೂ ಹತ್ತಿರದ ಪೂರ್ವಜ ಮತ್ತು ಜೀರಾದ ಪೇರೆಂಟ್ ಒಂದೇ ಇರಬೇಕು. ಮಕ್ಕಳಿಲ್ಲದ ಸಾಲುಗಳ ಗಂಟೆಗಳ ಮೊತ್ತ, ಉಳಿಕೆ ಸಾಲುಗಳನ್ನು ಬಿಟ್ಟು, ಜೀರಾದ ಕೊನೆಯ ಮಟ್ಟದ ಇಶ್ಯೂಗಳ ಮೊತ್ತಕ್ಕೆ ಸಮ ಇರಬೇಕು. ಕನ್‌ಸ್ಟ್ರೇಂಟ್ 0 ಅಲ್ಲದ ಸಾಲುಗಳ ಸಂಖ್ಯೆ ಓಟದ ಮೊದಲೂ ಆಮೇಲೂ ಅಷ್ಟೇ ಇರಬೇಕು. ಯಾವುದಾದರೂ ತಪ್ಪಿದರೆ ಜೀರಾಕ್ಕೆ ದಿನಾಂಕ ಕಳುಹಿಸುವ ಮೊದಲೇ ನಿಲ್ಲಬೇಕು. ಆದ್ದರಿಂದ ಈ ಪರೀಕ್ಷೆಗಳ ಜಾಗ ಲೆಕ್ಕಾಚಾರದ ನಂತರ, ಕಳುಹಿಸುವ ಮುಂಚೆ.

ಈ ತಂಡ ಕೊನೆಗೆ ಕೈಬಿಟ್ಟದ್ದು ಸ್ಪ್ರಿಂಟ್‌ಗಳನ್ನು (ನಿಗದಿತ ಅವಧಿಯ ಕೆಲಸದ ಕಂತುಗಳನ್ನು) ಸಮ್ಮರಿ ಸಾಲಾಗಿ ತೋರಿಸುವ ಆಲೋಚನೆಯನ್ನು. ಮುಗಿಯದ ಸ್ಟೋರಿ ಮುಂದಿನ ಸ್ಪ್ರಿಂಟ್‌ಗೆ ಹೋದಾಗಲೆಲ್ಲ ಅದರ ಸಾಲು ಬೇರೆ ಸಮ್ಮರಿಗೆ ಹಾರಬೇಕಾಗುತ್ತದೆ, ಸ್ಪ್ರಿಂಟ್ ಸಾಲಿನ ಬೇಸ್‌ಲೈನ್ (ಮೊದಲು ಉಳಿಸಿಟ್ಟ ಯೋಜನೆ) ಹೋಲಿಕೆಗೆ ಅರ್ಥ ಉಳಿಯುವುದಿಲ್ಲ. ಸ್ಪ್ರಿಂಟ್‌ನ ಹೆಸರನ್ನು ಒಂದು ಟೆಕ್ಸ್ಟ್ ಫೀಲ್ಡ್‌ನಲ್ಲಿಟ್ಟು, ಬೇಕಾದಾಗ ಅದರ ಮೇಲೆ ಗ್ರೂಪ್ ಮಾಡಿದರೆ ಅದೇ ನೋಟ ಸಿಗುತ್ತದೆ, ಶ್ರೇಣಿ ಮಾತ್ರ ಅಲುಗುವುದಿಲ್ಲ.